ಡಿಲೀಟ್ ಒತ್ತಿದರೂ ಬಯೋಸ್ ಬರುತ್ತಿಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಆನ್ ಇರಬೇಕು, ಅದನ್ನು ಆನ್ ಮಾಡುವ ಜಾಗ ಬಯೋಸ್, ಅಂದರೆ ಪವರ್ ಒತ್ತಿದ ಕೂಡಲೇ ವಿಂಡೋಸಿಗೂ ಮೊದಲು ಏಳುವ ಮದರ್‌ಬೋರ್ಡಿನ ಸ್ವಂತ ತಂತ್ರಾಂಶ. ಹಾಗಾಗಿ ಇಷ್ಟು ವರ್ಷ ಬಯೋಸಿನ ತಂಟೆಗೇ ಹೋಗದಿದ್ದವರೂ ಈಗ ಅದರ ಬಾಗಿಲು ತಟ್ಟುತ್ತಿದ್ದಾರೆ. ಈ ಸಲದ ಪತ್ರಗಳೆಲ್ಲ ಅದೇ ಬಾಗಿಲಿನವು. ಈಗಿನ ಮದರ್‌ಬೋರ್ಡ್‌ಗಳಲ್ಲಿ ಇರುವುದು ಅದರ ಹೊಸ ರೂಪವಾದ ಯುಇಎಫ್‌ಐ. ಆದರೆ ಅಂಗಡಿಯಲ್ಲೂ ಮನೆಯಲ್ಲೂ ಬಯೋಸ್ ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಬರೆದಿದ್ದೇವೆ.

ಪ್ರಶ್ನೆ: ನಮ್ಮದು ಆರು ವರ್ಷದ ಹಿಂದೆ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್. ಟಿಪಿಎಂ ಆನ್ ಮಾಡಬೇಕೆಂದು ಪವರ್ ಬಟನ್ ಒತ್ತಿದ ಕೂಡಲೇ ಡಿಲೀಟ್ ಒತ್ತುತ್ತಾ ಕೂತರೂ ಸೀದಾ ವಿಂಡೋಸ್ ಬರುತ್ತದೆ. ಎಫ್2, ಎಫ್10, ಎಫ್12 ಎಲ್ಲ ನೋಡಿ ಆಯಿತು. ಇನ್ನು ಎಂತ ಮಾಡುವುದು?
— ಓದುಗರು, ಉಡುಪಿ

ವಿಂಡೋಸ್ ಸರಿಯಾಗಿ ಏಳುತ್ತದೆ ಎಂದಾದರೆ ಕೀಗಳ ಜೊತೆ ಗುದ್ದಾಡುವುದನ್ನು ಸದ್ಯಕ್ಕೆ ಬಿಡಿ, ವಿಂಡೋಸಿನ ಒಳಗಿನಿಂದಲೇ ಬಯೋಸ್‌ಗೆ ದಾರಿ ಇದೆ. ಸ್ಟಾರ್ಟ್ ಮೆನುವಿನ ಪವರ್ ಗುರುತು ತೆರೆದು, ಕೀಬೋರ್ಡಿನ ಶಿಫ್ಟ್ ಹಿಡಿದುಕೊಂಡೇ ರೀಸ್ಟಾರ್ಟ್ ಕ್ಲಿಕ್ ಮಾಡಿ. ನೀಲಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಆಮೇಲೆ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್ ಒತ್ತಿ ರೀಸ್ಟಾರ್ಟ್ ಕೊಟ್ಟರೆ ಯಾವ ಕೀಯೂ ಇಲ್ಲದೆ ಬಯೋಸ್ ತೆರೆಯುತ್ತದೆ. ಹತ್ತರಲ್ಲಿ ಏಳೆಂಟು ಮನೆಗಳಲ್ಲಿ ಕೆಲಸ ಇಲ್ಲಿಗೇ ಮುಗಿದೀತು.

ಆ ಪಟ್ಟಿಯಲ್ಲಿ ಯುಇಎಫ್‌ಐ ಎಂಬ ಗುಂಡಿಯೇ ಇಲ್ಲದಿದ್ದರೆ ಅದೂ ಒಂದು ಸುಳಿವು. ಸರ್ಚ್ ಜಾಗದಲ್ಲಿ ಸಿಸ್ಟಮ್ ಇನ್‌ಫರ್ಮೇಶನ್ ಎಂದು ಟೈಪ್ ಮಾಡಿ ತೆರೆಯಿರಿ. ಬಯೋಸ್ ಮೋಡ್ ಎಂಬ ಸಾಲಿನ ಎದುರು ಲೆಗಸಿ ಎಂದಿದ್ದರೆ ನಿಮ್ಮ ವಿಂಡೋಸನ್ನು ಹಳೆಯ ಪದ್ಧತಿಯಲ್ಲಿ, ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೆಯ ಕ್ರಮ) ಡಿಸ್ಕಿನ ಮೇಲೆ ಹಾಕಿದ್ದಾರೆ. ಇಂಥ ಡಿಸ್ಕನ್ನು ಹೊಸ ಕ್ರಮವಾದ ಜಿಪಿಟಿಗೆ ಬದಲಿಸಲು ವಿಂಡೋಸ್ 10ರಲ್ಲೇ ಎಂಬಿಆರ್2ಜಿಪಿಟಿ ಎಂಬ ಸಾಧನ ಇದೆ. ಮೊದಲು ವ್ಯಾಲಿಡೇಟ್ ಆಯ್ಕೆಯಲ್ಲಿ ಓಡಿಸಿ ನೋಡಬೇಕು. ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ. ಆದರೆ ಆತುರ ಬೇಡ. ಡಿಸ್ಕನ್ನು ಬದಲಿಸಿದ ಮೇಲೆ ಬಯೋಸ್‌ಗೆ ಹೋಗಿ ಸಿಎಸ್‌ಎಂ (ಹಳೆಯ ಪದ್ಧತಿಯಲ್ಲಿ ಏಳಲು ಬಿಡುವ ಸೌಲಭ್ಯ) ಆಫ್ ಮಾಡಿ ಯುಇಎಫ್‌ಐಗೆ ತಿರುಗಿಸಲೇಬೇಕಾಗುತ್ತದೆ. ಬಯೋಸ್‌ಗೆ ಹೋಗಲು ಬರುವ ಮೊದಲೇ ಡಿಸ್ಕ್ ಬದಲಿಸಿದರೆ ಇದ್ದ ವಿಂಡೋಸೂ ಏಳದೆ ಎರಡೂ ಕೆಡುತ್ತದೆ. ಆದ್ದರಿಂದ ಮೊದಲು ಕೀ ಕೆಲಸ ಮಾಡಲಿ, ಫೈಲುಗಳ ಬ್ಯಾಕಪ್ ಆಗಲಿ, ಡಿಸ್ಕಿನ ವಿಷಯ ಆಮೇಲೆ.

ಕೀ ಯಾಕೆ ಕೆಲಸ ಮಾಡುತ್ತಿಲ್ಲ ಎಂಬುದಕ್ಕೆ ಬರೋಣ. ಇಲ್ಲಿ ‘ಫಾಸ್ಟ್’ ಎಂಬ ಹೆಸರಿನ ಎರಡು ಬೇರೆ ಬೇರೆ ಸಂಗತಿಗಳಿವೆ, ಎರಡನ್ನೂ ಒಂದೇ ಎಂದುಕೊಂಡು ಎಡವುವವರೇ ಹೆಚ್ಚು. ಒಂದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು, ಮರುದಿನ ಅಲ್ಲಿಂದಲೇ ಏಳುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಮೊದಲಿನಿಂದ ಶುರು. ಅದಕ್ಕೇ ಡಿಲೀಟ್ ಒತ್ತಿ ನೋಡುವುದಿದ್ದರೆ ಶಟ್‌ಡೌನ್ ಆದ ಮೇಲೆ ಅಲ್ಲ, ರೀಸ್ಟಾರ್ಟ್ ಕೊಟ್ಟು ನೋಡಿ. ಇದನ್ನು ನಿಲ್ಲಿಸಲು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್‌ಗಳು ಏನು ಮಾಡಬೇಕೆಂದು ಆರಿಸುವ ಪುಟಕ್ಕೆ ಹೋಗಿ, ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್ ಎದುರಿನ ಟಿಕ್ ತೆಗೆಯಿರಿ. ಟಿಕ್ ಮಬ್ಬಾಗಿ ಕಂಡರೆ ಅದೇ ಪುಟದ ಮೇಲ್ಭಾಗದ, ಗುರಾಣಿ ಚಿತ್ರವಿರುವ ಸಾಲನ್ನು ಮೊದಲು ಒತ್ತಬೇಕು.

ಇನ್ನೊಂದು ಬಯೋಸಿನ ಒಳಗೇ ಇರುವ ಫಾಸ್ಟ್ ಬೂಟ್. ಇದು ಸಮಯ ಉಳಿಸಲು ಯುಎಸ್‌ಬಿ ಸಾಧನಗಳನ್ನು ಎಬ್ಬಿಸುವ ಕೆಲಸವನ್ನೇ ಹಾರಿಸುತ್ತದೆ. ಕೀಬೋರ್ಡೇ ಎದ್ದಿಲ್ಲ ಎಂದ ಮೇಲೆ ನೀವು ಎಷ್ಟು ಒತ್ತಿದರೇನು, ಕೇಳಿಸಿಕೊಳ್ಳುವವರಿಲ್ಲ. ಪರೀಕ್ಷೆ ಸುಲಭ: ಕಂಪನಿಯ ಲೋಗೋ ಪರದೆಯ ಮೇಲಿರುವಾಗ ನಮ್‌ಲಾಕ್ ಒತ್ತಿ. ಕೀಬೋರ್ಡಿನ ದೀಪ ಹೊತ್ತಿ ಆರಿದರೆ ಬಯೋಸ್‌ಗೆ ಕೀಬೋರ್ಡ್ ಕೇಳಿಸುತ್ತಿದೆ, ನೀವು ಒತ್ತುವ ಕೀ ಮಾತ್ರ ತಪ್ಪು. ದೀಪ ಅಲುಗದಿದ್ದರೆ ಕೀಬೋರ್ಡೇ ತಲುಪುತ್ತಿಲ್ಲ.

ತಲುಪದಿದ್ದಾಗ ಮೊದಲು ಮಾಡಬೇಕಾದ್ದು ಶಟ್‌ಡೌನ್ ಮಾಡಿ ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿ ಅರ್ಧ ನಿಮಿಷ ಬಿಡುವುದು. ಕೆಲವು ಬೋರ್ಡ್‌ಗಳು, ಅಸೂಸ್‌ನವು ಮುಖ್ಯವಾಗಿ, ಕರೆಂಟ್ ಪೂರ್ತಿ ಹೋಗಿ ಬಂದ ಮೊದಲ ಸಲ ಫಾಸ್ಟ್ ಬೂಟನ್ನು ಬದಿಗಿಟ್ಟು ನಿಧಾನವಾಗಿ ಏಳುವಂತೆ ಇರುತ್ತವೆ. ಆ ಒಂದು ಸಲ ಡಿಲೀಟ್ ಕೇಳಿಸುತ್ತದೆ. ಕೀಬೋರ್ಡಿನ ತಂತಿಯನ್ನು ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್‌ನಿಂದಲೋ ಹಬ್‌ನಿಂದಲೋ ತೆಗೆದು ಹಿಂಬದಿಯ, ಮದರ್‌ಬೋರ್ಡಿಗೇ ಅಂಟಿದ ಕಪ್ಪು ಬಣ್ಣದ ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಿ. ಬ್ಲೂಟೂತ್ ಕೀಬೋರ್ಡ್ ವಿಂಡೋಸ್ ಬರುವ ಮೊದಲು ಸಾಮಾನ್ಯವಾಗಿ ನಡೆಯುವುದಿಲ್ಲ; ಡಾಂಗಲ್ ಇರುವ ವೈರ್‌ಲೆಸ್ ಹೆಚ್ಚಾಗಿ ನಡೆಯುತ್ತದೆ, ಖಾತ್ರಿ ಇಲ್ಲ. ಬಣ್ಣ ಬಣ್ಣದ ದೀಪದ ಗೇಮಿಂಗ್ ಕೀಬೋರ್ಡ್‌ಗಳಲ್ಲೂ ಕೆಲವು ಬಯೋಸ್ ಜೊತೆ ತಕರಾರು ಮಾಡುತ್ತವೆ. ಪಕ್ಕದ ಮನೆಯಿಂದ ಒಂದು ಸಾದಾ ತಂತಿಯ ಕೀಬೋರ್ಡ್ ಹತ್ತು ನಿಮಿಷಕ್ಕೆ ತಂದರೆ ಅರ್ಧ ದಿನ ಉಳಿಯುತ್ತದೆ. ಹಿಂದೆ ನೇರಳೆ ಬಣ್ಣದ ದುಂಡು ಪಿಎಸ್2 ಪೋರ್ಟ್ ಇದ್ದು, ಅಟ್ಟದಲ್ಲಿ ಹಳೆಯ ಪಿಎಸ್2 ಕೀಬೋರ್ಡ್ ಇದ್ದರೆ ಅದಕ್ಕಿಂತ ನಂಬಿಕಸ್ಥ ಬೇರೆ ಇಲ್ಲ. ಆದರೆ ಅದನ್ನು ಮಾತ್ರ ಕಂಪ್ಯೂಟರ್ ಆಫ್ ಇರುವಾಗಲೇ ಹಾಕಬೇಕು.

ಯಾವ ಕೀ ಎಂಬುದು ಬೋರ್ಡಿನ ಮೇಲೆ ಹೋಗುತ್ತದೆ. ಗಿಗಾಬೈಟ್ ಮತ್ತು ಎಂಎಸ್‌ಐಗೆ ಡಿಲೀಟ್, ಅಸೂಸ್ ಮತ್ತು ಅಸ್‌ರಾಕ್‌ಗೆ ಡಿಲೀಟ್ ಅಥವಾ ಎಫ್2. ಕಂಪನಿಯವರೇ ಜೋಡಿಸಿ ಕೊಡುವ ಡೆಸ್ಕ್‌ಟಾಪ್‌ಗಳಲ್ಲಿ ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊದ ಆಫೀಸ್ ಮಾದರಿಗಳಿಗೆ ಎಫ್1. ಕೀಯನ್ನು ಒತ್ತಿ ಹಿಡಿಯಬೇಡಿ. ಪವರ್ ಬಟನ್ ಒತ್ತಿದ ಕ್ಷಣದಿಂದಲೇ ಸೆಕೆಂಡಿಗೆ ಎರಡು ಸಲದಂತೆ ತಟ್ಟುತ್ತಿರಿ. ನೀವು ಎಲ್ಲ ಕೀಗಳನ್ನೂ ಒಂದೇ ಸಲಕ್ಕೆ ಒತ್ತಿದ್ದರೆ ಅದೂ ತಪ್ಪು, ಒಂದು ಸಲಕ್ಕೆ ಒಂದೇ ಕೀ. ಚಿಕ್ಕ ಕೀಬೋರ್ಡ್‌ಗಳಲ್ಲಿ ಡಿಲೀಟ್, ಎಫ್2 ಮುಂತಾದವು ಎಫ್‌ಎನ್ ಕೀ ಜೊತೆಗೆ ಒತ್ತಿದರೆ ಮಾತ್ರ ಬರುತ್ತವೆ, ಅದನ್ನೂ ಗಮನಿಸಿ.

ಇಷ್ಟರಲ್ಲೂ ಆಗದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ವಿಂಡೋಸ್ ಇರುವ ಡ್ರೈವಿನ ಸಾಟಾ ತಂತಿಯನ್ನು ಎಳೆದಿಡಿ. ಬೋರ್ಡಿಗೇ ಕೂರಿಸಿದ ಚಪ್ಪಟೆ ಎಂ.2 ಡ್ರೈವ್ ಆದರೆ ಒಂದು ಸ್ಕ್ರೂ ಬಿಚ್ಚಿ ಹೊರತೆಗೆಯಬೇಕು. ಬೂಟ್ ಮಾಡಲು ಏನೂ ಸಿಗದಿದ್ದಾಗ ಹಲವು ಬೋರ್ಡ್‌ಗಳು ತಾವಾಗಿಯೇ ಬಯೋಸ್ ಪರದೆಗೆ ಬಂದು ನಿಲ್ಲುತ್ತವೆ. ಒಳಗೆ ಹೋದ ಮೇಲೆ ಮೊದಲ ಕೆಲಸ ಫಾಸ್ಟ್ ಬೂಟ್ ಆಫ್ ಮಾಡುವುದು. ಆಮೇಲೆ ಇಂಟೆಲ್ ಬೋರ್ಡ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಹೆಸರು ಹುಡುಕಿ ಎನೇಬಲ್ಡ್ ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಟಿಪಿಎಂ ಎಂಬ ಹೆಸರಲ್ಲೇ ಹುಡುಕಿ ಸಿಗದೆ ‘ನಮ್ಮ ಬೋರ್ಡಿನಲ್ಲಿ ಇಲ್ಲ’ ಎಂದು ವಾಪಸ್ ಬಂದವರು ಬಹಳ. ಇಷ್ಟೆಲ್ಲ ಮಾಡುವ ಮೊದಲು ಪ್ರೊಸೆಸರ್ ಇಂಟೆಲ್‌ನದಾದರೆ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಎಂದು ಒಮ್ಮೆ ನೋಡಿಕೊಳ್ಳಿ. ಅದಕ್ಕಿಂತ ಹಳೆಯವು, ಒಂದೆರಡನ್ನು ಬಿಟ್ಟರೆ, ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ.

ಪ್ರಶ್ನೆ: ಡಿಲೀಟ್ ಒತ್ತದಿದ್ದರೆ ವಿಂಡೋಸ್ ಚೆನ್ನಾಗಿ ಬರುತ್ತದೆ. ಒತ್ತಿದರೆ ಪರದೆ ಕಪ್ಪಾಗಿ ಹಾಗೆಯೇ ನಿಲ್ಲುತ್ತದೆ, ವಿಂಡೋಸೂ ಬರುವುದಿಲ್ಲ. ಎರಡು ಮಾನಿಟರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಇದೆ.
— ಓದುಗರು, ಕುಂದಾಪುರ

ನೀವು ಬಯೋಸ್ ಒಳಗೇ ಇದ್ದೀರಿ, ನಿಮಗೆ ಕಾಣುತ್ತಿಲ್ಲ ಅಷ್ಟೇ. ವಿಂಡೋಸ್ ಬಾರದೆ ನಿಂತಿರುವುದೇ ಅದಕ್ಕೆ ಸಾಕ್ಷಿ. ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ; ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಸಂಶಯವೇ ಬೇಡ.

ಎರಡು ಮಾನಿಟರ್ ಇದ್ದಾಗ ಬಯೋಸ್ ಹೆಚ್ಚಾಗಿ ಒಂದರಲ್ಲಷ್ಟೇ ಕಾಣುತ್ತದೆ, ಅದು ನೀವು ನೋಡುತ್ತಿರುವುದೇ ಆಗಿರಬೇಕೆಂದಿಲ್ಲ. ಒಂದನ್ನು ತೆಗೆದು ಇನ್ನೊಂದನ್ನು ಮಾತ್ರ ಎಚ್‌ಡಿಎಂಐ ತಂತಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ. ಡಿಸ್‌ಪ್ಲೇಪೋರ್ಟ್‌ನಲ್ಲಿ ಕೆಲವು ಮಾನಿಟರ್‌ಗಳು ನಿದ್ದೆಯಿಂದ ಏಳುವಷ್ಟರಲ್ಲಿ ಬಯೋಸಿನ ಸರದಿ ಮುಗಿದಿರುತ್ತದೆ. ಮಾನಿಟರ್ ಬದಲು ಟಿವಿ ಬಳಸುವವರದೂ ಇದೇ ಪಾಡು. ಕ್ಯಾಬಿನೆಟ್ಟಿನ ಹಿಂದೆ ಎಚ್‌ಡಿಎಂಐ ಎರಡು ಕಡೆ ಇರುತ್ತದೆ: ಮೇಲೆ ಯುಎಸ್‌ಬಿ ಪೋರ್ಟ್‌ಗಳ ಸಾಲಿನಲ್ಲಿರುವುದು ಬೋರ್ಡಿನದು, ಕೆಳಗೆ ಅಡ್ಡವಾಗಿರುವುದು ಕಾರ್ಡಿನದು. ಕಾರ್ಡ್ ಇದ್ದಾಗ ಬೋರ್ಡಿನದು ಸಾಮಾನ್ಯವಾಗಿ ಸತ್ತಿರುತ್ತದೆ. ಕಾರ್ಡ್ ತೆಗೆದು ಬೋರ್ಡಿನ ಪೋರ್ಟ್‌ನಲ್ಲಿ ನೋಡಬಹುದು, ಆದರೆ ಪ್ರೊಸೆಸರಿನ ಹೆಸರು ಎಫ್ ಅಕ್ಷರದಲ್ಲಿ ಮುಗಿದರೆ, ಉದಾಹರಣೆಗೆ ಐ5 10400ಎಫ್, ಅದರಲ್ಲಿ ಗ್ರಾಫಿಕ್ಸೇ ಇಲ್ಲ. ಅಲ್ಲಿ ಏನೂ ಬರುವುದಿಲ್ಲ.

ಕಾರ್ಡ್ ತೀರ ಹಳೆಯದಾದರೆ ಕಾರಣ ಬೇರೆ. 2012ಕ್ಕಿಂತ ಹಿಂದಿನ ಹಲವು ಕಾರ್ಡ್‌ಗಳಿಗೆ ಯುಇಎಫ್‌ಐ ಭಾಷೆ ಬರುವುದಿಲ್ಲ. ಬೋರ್ಡಿನಲ್ಲಿ ಸಿಎಸ್‌ಎಂ ಆಫ್ ಇದ್ದರೆ ಅವು ವಿಂಡೋಸಿನ ಡ್ರೈವರ್ ಬರುವವರೆಗೂ ಕಪ್ಪು. ಬೇರೆ ಕಾರ್ಡ್ ಹಾಕಿ ಒಮ್ಮೆ ಒಳಗೆ ಹೋಗಿ ಬರುವುದೊಂದೇ ನೇರ ದಾರಿ.

ಪ್ರಶ್ನೆ: ಪ್ರತಿದಿನ ತಾರೀಕು ಹಳೆಯದಕ್ಕೆ ಹೋಗುತ್ತದೆ, ಎಫ್1 ಒತ್ತಿ ಎನ್ನುತ್ತದೆ. ಬಯೋಸಿನಲ್ಲಿ ಮಾಡಿದ ಬದಲಾವಣೆ ಮರುದಿನ ಇರುವುದಿಲ್ಲ. ಎರಡು ವರ್ಷದಲ್ಲಿ ಎರಡು ಸಲ ಶೆಲ್ ಬದಲಿಸಿದೆವು.
— ಓದುಗರು, ಮಲ್ಪೆ

ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಶೆಲ್ 3 ವೋಲ್ಟಿನದು. ಹೊಸದು ಮಲ್ಟಿಮೀಟರಿನಲ್ಲಿ 3.0ರಿಂದ 3.3ರವರೆಗೆ ತೋರಿಸುತ್ತದೆ, 2.8ಕ್ಕಿಂತ ಕೆಳಗೆ ಬಂದರೆ ಬದಲಿಸಿ. ಸಾಮಾನ್ಯವಾಗಿ ಅದು ಮೂರರಿಂದ ಐದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬರಬೇಕು. ನಿಮ್ಮಲ್ಲಿ ಒಂದು ವರ್ಷಕ್ಕೇ ಮುಗಿಯಲು ಎರಡು ಕಾರಣ ಇರಬಹುದು, ಎರಡೂ ಕರಾವಳಿಯವೇ.

ಸಿಡಿಲಿಗೆ ಹೆದರಿ ನಾವು ಪ್ಲಗ್ ಕಿತ್ತಿಡುತ್ತೇವೆ. ಅದು ಸರಿಯೇ, ಬಿಡಬೇಡಿ. ಆದರೆ ಪ್ಲಗ್ ಹಾಕಿ ಸ್ವಿಚ್ ಆನ್ ಇದ್ದಷ್ಟು ಹೊತ್ತು, ಕಂಪ್ಯೂಟರ್ ಆಫ್ ಇದ್ದರೂ, ಎಸ್‌ಎಂಪಿಎಸ್‌ನಿಂದ (ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ) 5 ವೋಲ್ಟ್ ಬರುತ್ತಿರುತ್ತದೆ, ಗಡಿಯಾರ ಅದರಿಂದ ನಡೆಯುತ್ತದೆ. ಪ್ಲಗ್ ತೆಗೆದರೆ ಮಾತ್ರ ಶೆಲ್ ಖರ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಇಪ್ಪತ್ತು ಗಂಟೆ ಪ್ಲಗ್ ಹೊರಗಿದ್ದರೆ ಅಷ್ಟೂ ಹೊತ್ತು ಶೆಲ್ ಒಂದೇ ದುಡಿಯುತ್ತದೆ.

ಇನ್ನೊಂದು ಉಪ್ಪುಗಾಳಿ. ಸಮುದ್ರದ ಹತ್ತಿರದ ಮನೆಗಳಲ್ಲಿ ಶೆಲ್ ಕೂರುವ ಗೂಡಿನ ತಗಡಿಗೆ ಹಸಿರು ಅಥವಾ ಬಿಳಿ ಕಿಲುಬು ಹಿಡಿಯುತ್ತದೆ. ಶೆಲ್ ಹೊಸದಾದರೂ ಸಂಪರ್ಕ ಕೂಡುವುದಿಲ್ಲ. ಶೆಲ್ ತೆಗೆದು, ಗೂಡಿನ ತಳದ ತಗಡು ಮತ್ತು ಪಕ್ಕದ ನಾಲಿಗೆ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಕಾಲು ಗಂಟೆ ಒಣಗಲು ಬಿಡಿ. ನಾಲಿಗೆ ಸಡಿಲವಾಗಿದ್ದರೆ ಮೆಲ್ಲನೆ ಒಳಕ್ಕೆ ಬಾಗಿಸಿ. ತುಕ್ಕಿಗೆಂದು ತೆಂಗಿನೆಣ್ಣೆ ಸವರುವವರೂ ಇದ್ದಾರೆ; ದಯವಿಟ್ಟು ಬೇಡ. ಶೆಲ್ ಹಾಕುವಾಗ ಅಕ್ಷರ ಇರುವ ಪ್ಲಸ್ ಬದಿ ಮೇಲೆ ಬರಬೇಕು, ಅಂಚನ್ನು ಹಿಡಿದು ಕೂರಿಸಿ. ಆಮೇಲೆ ತಾರೀಕು ಸರಿಮಾಡಿ ಸೇವ್ ಮಾಡಿ, ಪ್ಲಗ್ ತೆಗೆದು ಒಂದು ರಾತ್ರಿ ಬಿಟ್ಟು ನೋಡಿ. ಬೆಳಿಗ್ಗೆ ತಾರೀಕು ಉಳಿದಿದ್ದರೆ ಗೆದ್ದಿರಿ. ಇಲ್ಲದಿದ್ದರೆ ತೊಂದರೆ ಬೋರ್ಡಿನಲ್ಲಿದೆ.

ಪ್ರಶ್ನೆ: ಡಿಲೀಟ್ ಒತ್ತಿದರೆ ‘ಎಂಟರಿಂಗ್ ಸೆಟಪ್’ ಎಂದು ಬಂದು ಅಲ್ಲಿಯೇ ಗಂಟೆಗಟ್ಟಲೆ ನಿಲ್ಲುತ್ತದೆ. ಸಿಮೋಸ್ ಕ್ಲಿಯರ್ ಮಾಡಬೇಕೇ?
— ಓದುಗರು, ಸುರತ್ಕಲ್

ಸಿಮೋಸ್ ಕ್ಲಿಯರ್ ಎಂದರೆ ಬಯೋಸಿನ ಹೊಂದಾಣಿಕೆಗಳನ್ನೆಲ್ಲ ಅಳಿಸುವುದು; ಅದು ಮೊದಲೇ ಬೇಡ. ಬಯೋಸ್ ತೆರೆಯುವಾಗ ಬೋರ್ಡಿಗೆ ಜೋಡಿಸಿದ ಪ್ರತಿಯೊಂದು ಡ್ರೈವನ್ನೂ ಮಾತಾಡಿಸಿ ಪಟ್ಟಿ ಮಾಡುತ್ತದೆ. ಅವುಗಳಲ್ಲಿ ಒಂದು ಸಾಯುತ್ತಿದ್ದರೆ ಉತ್ತರಕ್ಕೆ ಕಾದು ಕೂರುತ್ತದೆ. ಕೀಬೋರ್ಡ್ ಒಂದನ್ನು ಉಳಿಸಿ ಉಳಿದ ಯುಎಸ್‌ಬಿ ಎಲ್ಲ ತೆಗೆಯಿರಿ: ಪ್ರಿಂಟರ್, ಪೆನ್‌ಡ್ರೈವ್, ಕಾರ್ಡ್ ರೀಡರ್, ಮೊಬೈಲ್ ಚಾರ್ಜಿಂಗ್ ತಂತಿ ಕೂಡ. ಆಗದಿದ್ದರೆ ಪವರ್ ತೆಗೆದು ಸಾಟಾ ಡ್ರೈವ್‌ಗಳನ್ನು ಒಂದೊಂದಾಗಿ ಬಿಡಿಸುತ್ತಾ ನೋಡಿ. ಯಾವುದನ್ನು ತೆಗೆದಾಗ ಬಯೋಸ್ ತೆರೆಯಿತೋ ಅದರಲ್ಲಿರುವ ಫೈಲುಗಳನ್ನು ಅದೇ ದಿನ ಬೇರೆ ಕಡೆಗೆ ಕಾಪಿ ಮಾಡಿಕೊಳ್ಳಿ. ಅದು ಮುನ್ಸೂಚನೆ ಕೊಟ್ಟಿದೆ.

ಡ್ರೈವ್‌ಗಳೆಲ್ಲ ಹೊರಗಿದ್ದರೂ ನಿಂತರೆ ಆಗ ಸಿಮೋಸ್ ಕ್ಲಿಯರ್. ಪ್ಲಗ್ ತೆಗೆಯಿರಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ಚಾರ್ಜ್ ಖಾಲಿ ಮಾಡಿ. ಬೋರ್ಡಿನಲ್ಲಿ ಎರಡು ಪಿನ್ನುಗಳ ಪಕ್ಕ ಹೆಸರು ಮುದ್ರಿಸಿರುತ್ತಾರೆ: ಅಸೂಸ್‌ನಲ್ಲಿ ಸಿಎಲ್‌ಆರ್‌ಟಿಸಿ, ಎಂಎಸ್‌ಐನಲ್ಲಿ ಜೆಬ್ಯಾಟ್1, ಗಿಗಾಬೈಟ್‌ನಲ್ಲಿ ಸಿಎಲ್‌ಆರ್ ಸಿಮೋಸ್. ಆ ಎರಡು ಪಿನ್ನುಗಳಿಗೂ ಸ್ಕ್ರೂಡ್ರೈವರಿನ ತುದಿ ತಾಗಿಸಿ ಹತ್ತು ಸೆಕೆಂಡ್ ಹಿಡಿಯಿರಿ. ಪಿನ್ನು ಗೊತ್ತಾಗದಿದ್ದರೆ ಶೆಲ್ ತೆಗೆದು ಹತ್ತು ನಿಮಿಷ ಬಿಟ್ಟರೂ ಆದೀತು. ಪ್ಲಗ್ ಹಾಕಿಕೊಂಡು ಇದನ್ನು ಮಾಡಿದರೆ ಬೋರ್ಡ್ ಸುಟ್ಟೀತು. ಡಿಡಿಆರ್5 ರ‍್ಯಾಮ್ ಇರುವ ಹೊಸ ಬೋರ್ಡ್ ಆದರೆ ಕ್ಲಿಯರ್ ಮಾಡಿದ ಮೇಲೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ರ‍್ಯಾಮಿನ ಹೊಂದಾಣಿಕೆ ನಡೆಯುತ್ತಿರುತ್ತದೆ. ಗಾಬರಿಯಿಂದ ಆಫ್ ಮಾಡಿದರೆ ಮತ್ತೆ ಮೊದಲಿನಿಂದ.

ಪ್ರಶ್ನೆ: ಸಿಮೋಸ್ ಕ್ಲಿಯರ್ ಮಾಡಿದ ಮೇಲೆ ವಿಂಡೋಸ್ ನೀಲಿ ಪರದೆ ತೋರಿಸಿ ಪುನಃ ಪುನಃ ರೀಸ್ಟಾರ್ಟ್ ಆಗುತ್ತದೆ. ಗೆಳೆಯನ ಕಂಪ್ಯೂಟರಿನಲ್ಲಿ ಇದೇ ಮಾಡಿದಾಗ ಯಾವುದೋ 48 ಅಂಕಿಯ ನಂಬರ್ ಕೇಳಿತು.
— ವಿದ್ಯಾರ್ಥಿ, ಮಣಿಪಾಲ

ಕ್ಲಿಯರ್ ಎಂದರೆ ಬಯೋಸ್ ಫ್ಯಾಕ್ಟರಿಯಿಂದ ಬಂದ ಸ್ಥಿತಿಗೆ ಮರಳುತ್ತದೆ, ಅಂಗಡಿಯವರು ಮಾಡಿಟ್ಟ ಹೊಂದಾಣಿಕೆ ಅಳಿಯುತ್ತದೆ. ನಿಮ್ಮ ನೀಲಿ ಪರದೆಯಲ್ಲಿ ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್ ಎಂದಿದ್ದರೆ ಸಾಟಾ ಮೋಡ್, ಅಂದರೆ ಬೋರ್ಡ್ ಡ್ರೈವ್ ಜೊತೆ ಮಾತಾಡುವ ರೀತಿ, ಅದಲುಬದಲಾಗಿದೆ. ಬಯೋಸ್‌ಗೆ ಹೋಗಿ ಎಎಚ್‌ಸಿಐ ಇದ್ದರೆ ರೇಡ್, ರೇಡ್ ಇದ್ದರೆ ಎಎಚ್‌ಸಿಐ ಮಾಡಿ. ಮೊದಲು ಯಾವುದಿತ್ತೋ ಅದರಲ್ಲಿ ವಿಂಡೋಸ್ ಏಳುತ್ತದೆ. ಬೂಟ್ ಡಿವೈಸೇ ಇಲ್ಲ ಎಂದರೆ ಸಿಎಸ್‌ಎಂ ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್ ಮಾಡಿ ನೋಡಿ. ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಕೂಡ ಆಫ್ ಆಗಿರುತ್ತದೆ, ಅದರಿಂದ ರ‍್ಯಾಮ್ ನಿಧಾನವಾಗುವುದು ಬಿಟ್ಟರೆ ಅಪಾಯ ಇಲ್ಲ.

ಗೆಳೆಯನಿಗೆ ಕೇಳಿದ್ದು ಬಿಟ್‌ಲಾಕರ್, ಅಂದರೆ ಡ್ರೈವಿಗೆ ವಿಂಡೋಸ್ ಹಾಕುವ ಬೀಗದ ಕೀ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದಾಗ ಬಯೋಸಿನಲ್ಲಿ ದೊಡ್ಡ ಬದಲಾವಣೆ ಕಂಡರೆ ವಿಂಡೋಸ್ ಅದನ್ನು ಕೇಳುತ್ತದೆ. ವಿಂಡೋಸ್‌ಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಬೇರೆ ಮೊಬೈಲಿನಲ್ಲಿ ಅದೇ ಖಾತೆ ತೆರೆದಾಗ ಸಿಗುವ ಸಂಭವ ಹೆಚ್ಚು. ಕೀ ಎಲ್ಲಿಯೂ ಇಲ್ಲದಿದ್ದರೆ ಆ ಡ್ರೈವಿನ ಫೈಲುಗಳನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು. ಎಎಂಡಿ ಬೋರ್ಡ್‌ಗಳು ಕೆಲವೊಮ್ಮೆ ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ವೈ ಅಥವಾ ಎನ್ ಒತ್ತಲು ಕೇಳುತ್ತವೆ. ಕೀ ಕೈಯಲ್ಲಿಲ್ಲದಿದ್ದರೆ ವೈ ಒತ್ತಲೇಬೇಡಿ.

ಪ್ರಶ್ನೆ: ಶಾಲೆಗೆಂದು ಸೆಕೆಂಡ್‌ಹ್ಯಾಂಡ್ ಆಫೀಸ್ ಕಂಪ್ಯೂಟರ್ ತಂದೆವು. ಬಯೋಸ್‌ಗೆ ಪಾಸ್‌ವರ್ಡ್ ಕೇಳುತ್ತದೆ. ಶೆಲ್ ತೆಗೆದರೂ ಹೋಗುವುದಿಲ್ಲ.
— ಅಧ್ಯಾಪಕರು, ಬಂಟ್ವಾಳ

ಹೋಗುವುದಿಲ್ಲ. ಆಫೀಸ್ ಮಾದರಿಗಳಲ್ಲಿ ಪಾಸ್‌ವರ್ಡ್ ಇರುವುದು ಶೆಲ್‌ನಿಂದ ಉಳಿಯುವ ನೆನಪಿನಲ್ಲಿ ಅಲ್ಲ, ಕರೆಂಟ್ ಇಲ್ಲದೆಯೂ ಉಳಿಯುವ ಚಿಪ್‌ನಲ್ಲಿ. ಮೊದಲು ಮಾರಿದವರನ್ನೇ ಕೇಳಿ, ಹಳೆಯ ಆಫೀಸಿನ ಪಾಸ್‌ವರ್ಡ್ ಅವರಲ್ಲಿರುವುದುಂಟು. ಡೆಲ್‌ನ ಹಲವು ಡೆಸ್ಕ್‌ಟಾಪ್‌ಗಳ ಬೋರ್ಡಿನಲ್ಲಿ ಪಿಎಸ್‌ಡಬ್ಲ್ಯುಡಿ ಎಂದು ಬರೆದ ಜಂಪರ್ (ಪಿನ್ನುಗಳನ್ನು ಕೂಡಿಸುವ ಪುಟ್ಟ ಟೊಪ್ಪಿ) ಇದೆ. ಅದನ್ನು ಎಲ್ಲಿಗೆ ಬದಲಿಸಬೇಕೆಂಬುದು ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ, ಕಂಪನಿಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಜಂಪರ್ ಇಲ್ಲದ ಮಾದರಿಗೆ ಖರೀದಿ ಬಿಲ್ಲು ತೋರಿಸಿ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಬೇಕು. ಮುಂದಿನ ಸಲ ಹಣ ಕೊಡುವ ಮೊದಲು ಅಂಗಡಿಯಲ್ಲೇ ಎಫ್2 ಅಥವಾ ಎಫ್10 ಒತ್ತಿ ಒಳಗೆ ಹೋಗಿ ನೋಡಿ.

ಪ್ರಶ್ನೆ: ಬಯೋಸ್ ಅಪ್‌ಡೇಟ್ ಮಾಡಿದರೆ ಇಂಥ ತೊಂದರೆಗಳೆಲ್ಲ ಸರಿಹೋಗುತ್ತವೆಯೇ?
— ಓದುಗರು, ಮಂಗಳೂರು

ಹೆಚ್ಚಿನವು ಇಲ್ಲ. ಆರಾಮವಾಗಿ ನಡೆಯುತ್ತಿರುವ ಕಂಪ್ಯೂಟರಿಗೆ ಸುಮ್ಮನೆ ಮಾಡಬೇಡಿ. ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಮಾತ್ರ ಮಾಡಲೇಬೇಕು. ಅವುಗಳ ವೋಲ್ಟೇಜ್ ತೊಂದರೆಗೆ 2024ರಲ್ಲಿ ಬಂದ ಪರಿಹಾರ ಬಯೋಸ್ ಮೂಲಕವೇ ಸಿಗುವುದು.

ಮಾಡುವುದಾದರೆ ಬೋರ್ಡಿನ ಮೇಲೆ ಮುದ್ರಿಸಿದ ಪೂರ್ತಿ ಮಾದರಿ ಸಂಖ್ಯೆ, ರಿವಿಷನ್ ಸಹಿತ ನೋಡಿಕೊಂಡು ಫೈಲ್ ತರಿಸಿ, ಫ್ಯಾಟ್32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ. ಬಿಟ್‌ಲಾಕರ್ ಇದ್ದರೆ ಮೊದಲು ಸಸ್ಪೆಂಡ್ ಮಾಡಿ. ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು, ಹಾಗಾಗಿ ಮೋಡ ಕಟ್ಟಿದ ಸಂಜೆ ಇದಕ್ಕೆ ಸಮಯ ಅಲ್ಲ. ಮನೆಯ ಇನ್ವರ್ಟರನ್ನು ನಂಬುವುದಾದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಇನ್ನೊಂದು ಮೋಡ್‌ನಲ್ಲಿ ಅದು ಕರೆಂಟ್ ಬದಲಿಸಲು ತೆಗೆದುಕೊಳ್ಳುವ ಚೂರು ಸಮಯಕ್ಕೇ ಕಂಪ್ಯೂಟರ್ ಆಫ್ ಆಗಬಹುದು. ಬೋರ್ಡಿನ ಹಿಂದೆ ಬಯೋಸ್ ಫ್ಲ್ಯಾಶ್‌ಬ್ಯಾಕ್ ಅಥವಾ ಕ್ಯು-ಫ್ಲ್ಯಾಶ್ ಪ್ಲಸ್ ಗುಂಡಿ ಇದ್ದರೆ ಅರ್ಧಕ್ಕೆ ಕೆಟ್ಟ ಬಯೋಸನ್ನೂ ಪೆನ್‌ಡ್ರೈವಿನಿಂದ ಮತ್ತೆ ಬರೆಯಬಹುದು. ಆಗ ಫೈಲಿಗೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಹೆಸರನ್ನೇ ಇಡಬೇಕು. ಒಂದಕ್ಷರ ತಪ್ಪಿದರೂ ಬೋರ್ಡ್ ಅದನ್ನು ಓದುವುದಿಲ್ಲ.